ಗಾಳಿಯ ಜೋಳ, ಜೇನಿನ ಗುರೆಳ್ಳು

ಎಳ್ಳಮಾವಾಸ್ಯೆಯ ದಿನ ರೋಣ ತಾಲ್ಲೂಕಿನ ಮೆಣಸಗಿಯ ಎರೆಹೊಲಗಳ ನಡುವೆ ನಿಂತು ಸುತ್ತ ಕಣ್ಣು ಹಾಯಿಸಿದವರಿಗೆ, ಭೂಮಿಯು ಹಸಿರಿನ ಒಂದೇ ಹಾಸಾಗಿ ದಿಗಂತದವರೆಗೆ ಹಬ್ಬಿರುವಂತೆಯೂ, ಆ ಹಾಸಿನ ನಡುನಡುವೆ ಅಲ್ಲೊಂದು ಬೇವು, ಇಲ್ಲೊಂದು ಬನ್ನಿ, ಹಳ್ಳದ ಇಳಿಜಾರಿನಲ್ಲಿ ನಾಲ್ಕು ಕರಿಜಾಲಿ ಎಂಬಂತೆ ಉಳಿದ ಮರಗಳು ಹಿಂದೊಂದು ಕಾಲದಲ್ಲಿ ಇಲ್ಲಿ ಇದ್ದ ಯಾವುದೋ ದೊಡ್ಡ ಸಂಸಾರದ ಕೊನೆಯ ಸದಸ್ಯರಂತೆಯೂ ತೋರುವುವು. ತೆನೆಗಟ್ಟುತ್ತಿರುವ ಬಿಳಿಜೋಳ, ನೀಲಿಗೆಂಪು ಹೂವಿನ ಕಡಲೆ, ಹೊಲದ ಅಂಚಿನಲ್ಲಿ ಮುಳ್ಳಿನ ಕಾವಲಾಗಿ ನಿಂತ ಕುಸುಬಿ, ಇವುಗಳ ನಡುವೆ ಮನೆಮಂದಿಯೆಲ್ಲ ಬುತ್ತಿ ಹೊತ್ತು ಬಂದು, ಭೂತಾಯಿಗೆ ಚರಗ ಚೆಲ್ಲಿ, ಬದುವಿನ ಮರದ ನೆರಳಿನಲ್ಲಿ ಸಾಲಾಗಿ ಕುಳಿತು ಉಣ್ಣುವ ಆ ಹಬ್ಬದಷ್ಟು ಅರ್ಥಪೂರ್ಣವಾದ ಹಬ್ಬವು ಒಕ್ಕಲುತನದ ನಾಡಿನಲ್ಲಿ ಮತ್ತೊಂದಿದೆಯೆಂದು ನನಗೆ ತೋರುವುದಿಲ್ಲ. ಈ ಅಧ್ಯಾಯವನ್ನು ನಾನು ಆ ಬುತ್ತಿಯಿಂದಲೇ ಆರಂಭಿಸಬಯಸುತ್ತೇನೆ. ಏಕೆಂದರೆ ಹೂವಿಗೂ ಹುಳುವಿಗೂ ಇರುವ ಸಂಬಂಧವನ್ನು ಕುರಿತು ಹೇಳಬೇಕಾದ ಅರ್ಧ ಸಂಗತಿ ಅದರಲ್ಲಿಯೇ ಕಟ್ಟಿಟ್ಟಂತಿದೆ.

ಬುತ್ತಿಯ ಮೊದಲ ಪದಾರ್ಥ ಸಜ್ಜೆಯದೋ ಜೋಳದ್ದೋ ರೊಟ್ಟಿ. ಜೋಳವು ಹುಲ್ಲಿನ ಕುಲಕ್ಕೆ ಸೇರಿದುದು. ಅದರ ಹೂವಿಗೆ ಬಣ್ಣದ ಎಸಳಿಲ್ಲ, ಪರಿಮಳವಿಲ್ಲ, ಮಕರಂದವಿಲ್ಲ. ಬಹುಮಟ್ಟಿಗೆ ತನ್ನ ಪರಾಗವನ್ನೇ, ಅಲ್ಪಸ್ವಲ್ಪವಾಗಿ ಗಾಳಿ ಹೊತ್ತು ತಂದ ನೆರೆಯ ತೆನೆಯ ಪರಾಗವನ್ನೂ ಸ್ವೀಕರಿಸಿ ಅದು ಕಾಳುಗಟ್ಟುವುದು. ಕಡಲೆಯ ಹೂವು ಅರಳುವುದಕ್ಕೆ ಮುನ್ನವೇ ಅದರೊಳಗೆ ಗರ್ಭದಾನವು ನಡೆದುಹೋಗಿರುತ್ತದೆ. ಹೆಸರು, ಗೋದಿ, ಹೋಳಿಗೆಯೊಳಗಿನ ಶೇಂಗಾ, ಇವೂ ಸ್ವಕೀಯ ಪರಾಗದಿಂದಲೇ ತೃಪ್ತವಾಗುವ ಬೆಳೆಗಳು. ಆದರೆ ರೊಟ್ಟಿಯ ಮಗ್ಗುಲಲ್ಲಿರುವ ಗುರೆಳ್ಳು ಚಟ್ನಿಗೆ ಬಂದೊಡನೆ ಕತೆಯೇ ಬೇರೆಯಾಗುತ್ತದೆ. ದಕ್ಷಿಣದವರು ಹುಚ್ಚೆಳ್ಳೆಂದು ಕರೆಯುವ ಈ ಸಸ್ಯವು ತನ್ನ ಪರಾಗವನ್ನು ತಾನೇ ತಿರಸ್ಕರಿಸುತ್ತದೆ. ಒಂದು ಗಿಡದ ಹೂವಿನ ಧೂಳಿಯು ಇನ್ನೊಂದು ಗಿಡದ ಹೂವಿನ ಶಲಾಕಾಗ್ರವನ್ನು ಮುಟ್ಟಿದ ಹೊರತು ಕಾಳು ಕಟ್ಟದು. ಮುಟ್ಟಿಸುವವರು ಮುಖ್ಯವಾಗಿ ಜೇನುಗಳೇ. ಎಣ್ಣೆಗಾಯಿಯ ಬದನೆ ತಾನಾಗಿಯೇ ಕಾಯಿಗಟ್ಟಬಲ್ಲುದಾದರೂ, ಹೂವನ್ನು ಗುಂಯ್ಗುಟ್ಟಿಸಿ ಕಂಪಿಸುವ ದುಂಬಿಗಳು ಬಂದರೆ ಅದರ ಫಲ ಸಮೃದ್ಧವಾಗುವುದು. ಸವತಿ ಹೀರೆಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಓಡಾಡುವ ದೂತರಿಲ್ಲದಿದ್ದರೆ ಹೆಣ್ಣು ಹೂವು ಬಾಡಿ ಉದುರುವುದು. ಪಕ್ಕದಲ್ಲಿ ಜಜ್ಜಿಟ್ಟ ಉಳ್ಳಾಗಡ್ಡಿಯು ಗಡ್ಡೆಯೇ ಹೊರತು ಹಣ್ಣಲ್ಲವೆಂದು ಯಾರಾದರೂ ಅಂದಾರು; ನಿಜ, ಆದರೆ ಆ ಗಡ್ಡೆಯ ಬೀಜವನ್ನು ಪಡೆಯಬೇಕಾದರೆ ಹೂವಿನ ಚೆಂಡಿನ ಮೇಲೆ ನೊಣಗಳೂ ಜೇನುಗಳೂ ನಡೆದಾಡಲೇಬೇಕು, ಏಕೆಂದರೆ ಉಳ್ಳಾಗಡ್ಡಿಯ ಹೂವಿನಲ್ಲಿ ಪರಾಗವು ಮೊದಲು ಉದುರಿ, ಆ ಹೂವಿನ ಶಲಾಕಾಗ್ರವು ಅನಂತರ ಪಕ್ವವಾಗುವುದು.

ಹೀಗೆ ಎರೆಸೀಮೆಯ ಊಟದಲ್ಲಿ ಹೊಟ್ಟೆ ತುಂಬಿಸುವ ಭಾಗವು ಗಾಳಿಯದು, ಅಥವಾ ಸಸ್ಯದ ಸ್ವಂತದ್ದು. ರುಚಿಯ ಭಾಗವು ಬಹುಪಾಲು ಹುಳುವಿನದು. ಈ ವಿಭಾಗವನ್ನು ಕಂಡ ಒಕ್ಕಲಿಗನು, ದುಂಬಿಗಳು ಇದ್ದರೇನು ಬಿಟ್ಟರೇನು, ನನ್ನ ಜೋಳ ಕಡಲೆಗಳಿಗೆ ಅವುಗಳ ಹಂಗಿಲ್ಲವಷ್ಟೆ ಎಂದರೆ ಆ ಮಾತಿನಲ್ಲಿ ಸುಳ್ಳಿಲ್ಲ. ಪರಾಗವಾಹಕಗಳನ್ನು ಹೊಗಳುವ ಉತ್ಸಾಹದಲ್ಲಿ ಜಗತ್ತಿನ ಅನ್ನವೆಲ್ಲ ಜೇನಿನಿಂದಲೇ ಎಂದು ಸಾರುವವರು ಈ ಸತ್ಯವನ್ನು ಮರೆಮಾಡುವುದು ನನಗೆ ಸರಿಯೆನಿಸದು. ಜಗತ್ತಿನ 115 ಮುಖ್ಯ ಆಹಾರ ಬೆಳೆಗಳನ್ನು 2007ರಲ್ಲಿ ಪರಿಶೀಲಿಸಿದ ವಿಜ್ಞಾನಿಗಳು ಅವುಗಳಲ್ಲಿ 87 ಬೆಳೆಗಳಿಗೆ ಪ್ರಾಣಿಗಳ ಪರಾಗಸೇವೆಯು ಹೆಚ್ಚುಕಡಮೆ ಪ್ರಮಾಣದಲ್ಲಿ ಬೇಕೆಂದು ಕಂಡರು. ಆದರೆ ತೂಕದ ಲೆಕ್ಕದಲ್ಲಿ ಜಗತ್ತಿನ ಬಹುಪಾಲು ಆಹಾರವು ಆ ಸೇವೆಯನ್ನು ಬಯಸದ ಧಾನ್ಯಾದಿಗಳಿಂದಲೇ ಬರುವುದೆಂಬುದನ್ನೂ ಅವರು ಮುಚ್ಚಿಡಲಿಲ್ಲ. ದುಂಬಿಗಳ ಋಣವನ್ನು ಅಳೆಯಬೇಕಾದ ಸ್ಥಳವು ಕಣದ ರಾಶಿಯಲ್ಲ. ಹೊಲದಾಚೆಯ ಬದು, ಹಳ್ಳದ ದಂಡೆ, ಗಾಯರಾಣ, ಗುಡ್ಡ, ಇವುಗಳಲ್ಲಿ ಅಳೆಯಬೇಕು. 2011ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಹೂಬಿಡುವ ಸಸ್ಯಜಾತಿಗಳಲ್ಲಿ ನೂರಕ್ಕೆ ಸುಮಾರು 87 ಪ್ರಾಣಿಗಳಿಂದಲೇ ಪರಾಗಸ್ಪರ್ಶ ಪಡೆಯುವುವು. ಉಷ್ಣವಲಯದ ಸಸ್ಯಸಮುದಾಯಗಳಲ್ಲಿ ಈ ಪ್ರಮಾಣ 94ರವರೆಗೆ ಏರುವುದು. ಬೆಳೆಯ ಮಟ್ಟಿಗೆ ಗಾಳಿಯ ನಾಡಾದ ಮೆಣಸಗಿಯು ಕಾಡಿನ ಮಟ್ಟಿಗೆ ಬಹುಪಾಲು ದುಂಬಿಯ ನಾಡು.

ಬೆಳೆಗಳೊಳಗೂ ಈ ನಾಡು ಎರಡು ಸಲ ದುಂಬಿಯ ಅಭಾವವನ್ನು ಮನುಷ್ಯನ ಕೈಯಿಂದ ತುಂಬಿಕೊಳ್ಳಬೇಕಾಗಿ ಬಂದುದನ್ನು ಇಲ್ಲಿ ನೆನೆಯಬೇಕು. ಇಲ್ಲಿಯ ಜನ ಸೂರ್ಯಪಾನವೆಂದು ಕರೆಯುವ ಸೂರ್ಯಕಾಂತಿಯು, ಅಂದಿನ ಸೋವಿಯತ್ ಒಕ್ಕೂಟದಿಂದ ತಂದ ತಳಿಗಳ ರೂಪದಲ್ಲಿ 1970ರ ದಶಕದ ಆರಂಭದಲ್ಲಿ ನಮ್ಮ ದೇಶದ ಹೊಲಗಳಿಗೆ ಇಳಿಯಿತು; 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬಿಎಸ್‌ಎಚ್-1 ಎಂಬ ಸಂಕರ ತಳಿಯು ಹೊರಬಂದ ಮೇಲೆ ಅದು ಉತ್ತರ ಕರ್ನಾಟಕದ ಎರೆಯಲ್ಲಿ ಭದ್ರವಾಗಿ ನೆಲೆಸಿತು. ನಾವು ಒಂದು ಹೂವೆಂದು ಕಾಣುವ ಅದರ ತಟ್ಟೆಯು ನೂರಾರು ಕಿರುಹೂಗಳ ಸಮೂಹ. ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹಲವು ದಿನ ಅರಳುತ್ತ ಹೋಗುವ ಆ ಕಿರುಹೂಗಳಲ್ಲಿ ಪ್ರತಿಯೊಂದೂ ಮೊದಲು ಪರಾಗ ನೀಡಿ ಅನಂತರ ಪರಾಗ ಬೇಡುವುದು. ಬೇಡಿದ ಹೊತ್ತಿಗೆ ಜೇನು ಬಾರದಿದ್ದಲ್ಲಿ ತಟ್ಟೆಯ ನಡುಭಾಗದಲ್ಲಿ ಸಿಪ್ಪೆಯುಂಟು, ಕಾಳಿಲ್ಲ. ಒಕ್ಕಲಿಗರ ಭಾಷೆಯಲ್ಲಿ ಜೊಳ್ಳು. ಜೇನಿಲ್ಲದ ಕಡೆ ಬೆಳಗಿನ ಎಂಟರಿಂದ ಹನ್ನೊಂದರೊಳಗೆ ತಟ್ಟೆಯ ಮೇಲೆ ಮೆತ್ತನೆಯ ಬಟ್ಟೆಯನ್ನೋ ಅಂಗೈಯನ್ನೋ ಮೃದುವಾಗಿ ಸವರಿ ಪರಾಗವನ್ನು ಹಬ್ಬಿಸಬೇಕೆಂದು ಕೃಷಿತಜ್ಞರು ಉಪದೇಶಿಸಿದರು. ಎಷ್ಟೋ ಮಂದಿ ಹಾಗೆಯೇ ಮಾಡಿದರು.

ಎರಡನೆಯದು ಹತ್ತಿಯ ಸಂಗತಿ. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಅಮೆರಿಕದ ಹತ್ತಿಗೂ ಈಜಿಪ್ಟಿನ ಕುಲದ ಹತ್ತಿಗೂ ಸಂಕರ ಮಾಡಿ 1972ರಲ್ಲಿ ಹೊರತಂದ ವರಲಕ್ಷ್ಮಿಯೆಂಬ ತಳಿಯ ಕೀರ್ತಿ ನಾಡಿಗೆಲ್ಲ ತಿಳಿದುದೇ. ಇಂಥ ಸಂಕರ ಬೀಜವು ಗಾಳಿಯಿಂದ ಆಗದು. ಜೇನು ಮಾಡಬಲ್ಲುದಾದರೂ ಯಾವ ಹೂವಿನಿಂದ ಯಾವ ಹೂವಿಗೆಂಬುದನ್ನು ಅದಕ್ಕೆ ವಿಧಿಸಲಾಗದು. ಆದುದರಿಂದ ಸಂಜೆ ಮೊಗ್ಗಿನೊಳಗಿನ ಕೇಸರಗಳನ್ನು ಉಗುರಿನಿಂದ ಬಿಡಿಸಿ ತೆಗೆದು, ಮರುದಿನ ಬೆಳಗ್ಗೆ ಬೇರೆ ತಳಿಯ ಹೂವನ್ನು ತಂದು ಒಂದೊಂದಕ್ಕೂ ಸವರುವ ಕೆಲಸವು ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳ ಕೂಲಿಯಾಯಿತು. ಅವರು ಅದನ್ನು ಕ್ರಾಸಿಂಗ್ ಎಂದೇ ಕರೆದರು. ಬಾಗಿದ ಸೊಂಟದಲ್ಲಿ ಹೂವಿನಿಂದ ಹೂವಿಗೆ ನಡೆಯುವ ಆ ಹೆಂಗಸರು ದಿನವೊಂದಕ್ಕೆ ಮಾಡುವ ಕೆಲಸವನ್ನು ಕಣ್ಣಾರೆ ಕಂಡವರಿಗೆ, ಕೂಲಿ ಕೇಳದೆ ಅದೇ ಕೆಲಸವನ್ನು ಅನಾದಿಯಿಂದ ಮಾಡುತ್ತಿರುವ ಹುಳುಗಳ ಮೇಲೆ ಗೌರವವು ಹುಟ್ಟದೆ ಇರದು. ಸೂರ್ಯಪಾನದ ತಟ್ಟೆಯನ್ನು ಕೈಯಿಂದ ಸವರಬಹುದು, ಹತ್ತಿಯ ಹೂವನ್ನೂ ಸವರಬಹುದು. ಗುಡ್ಡದ ಮುತ್ತಲ ಮರವನ್ನು ಯಾರು ಹತ್ತಿ ಸವರುವರು?

ಇಲ್ಲಿಂದ ಮುಂದಿನ ಮಾತೆಲ್ಲ ಆ ಪ್ರಶ್ನೆಯದು. ಕೆಟ್ಟ ನೆಲವನ್ನು ಮರಳಿ ಜೀವಂತವಾಗಿಸುವ ಕಾರ್ಯಕ್ಕೆ ನಿಸರ್ಗ ಪುನರುಜ್ಜೀವನವೆಂಬ ಹೆಸರು ಈಗ ರೂಢವಾಗಿದೆ; 2021ರಿಂದ 2030ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆಯು ಅದಕ್ಕೇ ಮೀಸಲಿಟ್ಟಿದೆ. ನಮ್ಮಲ್ಲಿ ಈ ಕಾರ್ಯವನ್ನು ಬಹುಕಾಲದಿಂದ ಸಸಿಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಇಷ್ಟು ಗುಂಡಿ ತೋಡಿದೆವು, ಇಷ್ಟು ಸಸಿ ನೆಟ್ಟೆವು, ಇಷ್ಟು ಬದುಕಿದುವು ಎಂಬ ಲೆಕ್ಕವು ಅವಶ್ಯವಾದುದೇ. ಆದರೆ ಅದು ಮೊದಲ ಪೀಳಿಗೆಯ ಲೆಕ್ಕ ಮಾತ್ರ. ನೆಟ್ಟ ಗಿಡವು ಹೂಬಿಟ್ಟು, ಹೂವು ಕಾಯಿಗಟ್ಟಿ, ಕಾಯಿಯೊಳಗೆ ಸಜೀವ ಬೀಜವಿದ್ದು, ಆ ಬೀಜವು ಯಾರೂ ನೆಡದೆ ನೀರೆರೆಯದೆ ಒಂದು ಮಳೆಗಾಲದಲ್ಲಿ ಮೊಳೆತರೆ ಆಗ ಕಾಡು ಮರಳಿತೆನ್ನಬಹುದು. ಅಲ್ಲಿಯವರೆಗೆ ಇರುವುದು ಮನುಷ್ಯನು ಜೋಡಿಸಿಟ್ಟ ಮರಗಳ ಸಾಲು. ಮೊದಲ ಪೀಳಿಗೆಗೂ ಎರಡನೆಯ ಪೀಳಿಗೆಗೂ ನಡುವಣ ಸೇತುವೆ ಹೂವು, ಆ ಸೇತುವೆಯನ್ನು ದಾಟಿಸುವವರು ಪರಾಗವಾಹಕಗಳು. ಅವು ಬಾರದಿದ್ದರೂ ತೋಪು ಹಲವು ದಶಕಗಳ ಕಾಲ ಹಸಿರಾಗಿಯೇ ಕಾಣುವುದು. ಈ ನಷ್ಟವು ಕಣ್ಣಿಗೆ ಬೀಳದಂತೆ ನಡೆಯುವುದರಿಂದಲೇ ಅದು ಹೆಚ್ಚು ಭಯಾವಹವಾದುದು.

ತಂಗಡಿಯ ಗಿಡವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ತೊಗಟೆಯಿಂದ ಚರ್ಮ ಹದಮಾಡುವ ಕಸುಬಿಗೆ ಒದಗುತ್ತಿದ್ದ, ಬರಡು ನೆಲದಲ್ಲಿಯೂ ಬೇರೂರಿ ಮಣ್ಣನ್ನು ಹಿಡಿಯುವ, ದನಕರುಗಳು ಅಷ್ಟಾಗಿ ಬಾಯಿಹಾಕದ ಈ ಪೊದೆಯು, ಒಣ ಸೀಮೆಯಲ್ಲಿ ಪುನರುಜ್ಜೀವನಕ್ಕೆ ಕೈಯಿಕ್ಕುವ ಯಾರಿಗಾದರೂ ಮೊದಲ ಮಿತ್ರ. ಅದರ ಹೊನ್ನಿನ ಬಣ್ಣದ ಹೂಗೊಂಚಲನ್ನು ನೋಡಿದವರು ಇದರಲ್ಲಿ ಮಧು ತುಂಬಿರಬೇಕೆಂದು ಭಾವಿಸುವರು. ಆದರೆ ಅದರಲ್ಲಿ ಮಕರಂದದ ಹನಿಯೂ ಇಲ್ಲ. ಅದು ಬಂದವರಿಗೆ ಬಡಿಸುವುದು ಪರಾಗವನ್ನು ಮಾತ್ರ, ಅದನ್ನೂ ಸುಲಭವಾಗಿ ಅಲ್ಲ. ಸಾಮಾನ್ಯವಾಗಿ ಹೂವುಗಳ ಪರಾಗಕೋಶವು ಉದ್ದಕ್ಕೆ ಬಿರಿದು ಧೂಳಿಯನ್ನು ಹೊರಹಾಕಿದರೆ, ತಂಗಡಿಯದು ತುದಿಯಲ್ಲಿ ಕೇವಲ ಒಂದು ಸಣ್ಣ ರಂಧ್ರವನ್ನು ಬಿಟ್ಟು ಉಳಿದೆಲ್ಲ ಕಡೆ ಮುಚ್ಚಿಕೊಂಡಿರುವುದು. ಕೆಳಮುಖವಾದ ಉಪ್ಪಿನ ಡಬ್ಬಿಯನ್ನು ಅಲುಗಿಸಿದಂತೆ ಅಲುಗಿಸಿದಾಗ ಮಾತ್ರ ಧೂಳಿ ಹೊರಬೀಳುವುದು. ಅಲುಗಿಸುವ ವಿದ್ಯೆಯನ್ನು ಬಲ್ಲವು ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಎರಡು ಬಗೆಯ ದುಂಬಿಗಳು: ಒಣಮರ ಕೊರೆದು ಮನೆಮಾಡುವ ದೊಡ್ಡ ಕರಿಯ ಬಡಿಗ ದುಂಬಿ, ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳುಳ್ಳ, ಗಾಳಿಯಲ್ಲಿ ನಿಂತಲ್ಲಿಯೇ ನಿಲ್ಲಬಲ್ಲ ಒಂಟಿ ದುಂಬಿ. ಇವು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಗಳನ್ನು ಮಡಿಸಿಕೊಂಡೇ, ಹಾರಾಟದ ಸ್ನಾಯುಗಳನ್ನು ಅತಿವೇಗದಲ್ಲಿ ಮಿಡಿಸುವುವು. ಆಗ ಏಳುವ ತೀಕ್ಷ್ಣ ಧ್ವನಿಯು ಹಾರುವಾಗಿನ ಧ್ವನಿಗಿಂತ ಬೇರೆಯಾಗಿ ಒಂದು ಮಾರು ದೂರಕ್ಕೂ ಕೇಳುವುದು. ಆ ಕಂಪನಕ್ಕೆ ಪರಾಗವು ಚಿಲುಮೆಯಂತೆ ಚಿಮ್ಮಿ ಅವುಗಳ ಮೈಯನ್ನು ಹಳದಿಯಾಗಿಸುವುದು. ತಂಗಡಿಯ ಬಳಗದ ಹೂಗಳ ಇನ್ನೊಂದು ಚಾತುರ್ಯವೆಂದರೆ ಕೇಸರಗಳ ನಡುವೆ ಕೆಲಸದ ಹಂಚಿಕೆ: ನಡುವಿನ ಗಿಡ್ಡ ಕೇಸರಗಳ ಪರಾಗವು ಅತಿಥಿಯ ಊಟಕ್ಕೆ, ಕೆಳಗೆ ಬಾಗಿ ನಿಂತ ನೀಳ ಕೇಸರಗಳ ಪರಾಗವು ಅತಿಥಿಗೆ ಅರಿವಿಲ್ಲದೆಯೇ ಅದರ ಮೈಯ ಮೇಲೆ, ಕಾಲಿಗೆ ಎಟುಕದ ಜಾಗದಲ್ಲಿ ಬಿದ್ದು, ಮುಂದಿನ ಹೂವಿಗೆ.

ಜೇನಿಗೆ ಈ ಕಂಪನವಿದ್ಯೆ ತಿಳಿಯದು. ಪೆಟ್ಟಿಗೆಯ ತುಡುವೆ ಜೇನನ್ನು ನೂರು ಕುಟುಂಬ ತಂದಿಟ್ಟರೂ ಅವು ದುಂಬಿಗಳು ಚೆಲ್ಲಿದ ಧೂಳಿಯನ್ನು ಹೆಕ್ಕಿಕೊಂಡು ಹೋಗುವುವೇ ಹೊರತು ತಂಗಡಿಯ ಕೋಶಗಳನ್ನು ಅಲುಗಿಸಲಾರವು. ಪರಾಗಸೇವೆಯೆಂದೊಡನೆ ಜೇನುಪೆಟ್ಟಿಗೆಯನ್ನು ಮಾತ್ರ ನೆನೆಯುವ ನಮ್ಮ ಅಭ್ಯಾಸವು ಪುನರುಜ್ಜೀವನದ ಕಾರ್ಯದಲ್ಲಿ ಸಾಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಡ. ಒಂದೇ ಜಾತಿಯನ್ನು ನೆಚ್ಚಿಕೊಂಡರೆ ಏನಾಗುವುದೆಂಬುದನ್ನು ಕರ್ನಾಟಕವು 1991-92ರಲ್ಲಿ ಕಂಡಿದೆ. ತುಡುವೆ ಜೇನಿನ ಮರಿಗಳನ್ನು ಚೀಲದಂತೆ ಕೊಳೆಯಿಸುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಆಗ ದಕ್ಷಿಣ ಭಾರತದ ಜೇನುಸಾಕಣೆಯನ್ನು ಬುಡಮೇಲು ಮಾಡಿತು.

ತಂಗಡಿಯ ಪಕ್ಕದಲ್ಲಿಯೇ ಬೆಳೆಯುವ ಎಕ್ಕೆಯು ಇನ್ನೂ ಕಠಿಣ ನಿಯಮದ ಮನೆ. ಅದರ ಪರಾಗವು ಧೂಳಿಯಾಗಿರದೆ ಮೇಣದಂಥ ಎರಡು ಗುಳಿಗೆಗಳಾಗಿ, ನಡುವೆ ಒಂದು ಚಿಮಟದಂಥ ಕೊಂಡಿಯಿಂದ ಬಂಧಿತವಾಗಿರುವುದು. ಮಕರಂದ ಹೀರಲು ಬಂದ ಕೀಟದ ಕಾಲು ಹೂವಿನ ಐದು ಸೀಳುಗಳಲ್ಲೊಂದಕ್ಕೆ ಜಾರಿದಾಗ ಕೊಂಡಿಯು ಕಚ್ಚಿಕೊಳ್ಳುವುದು. ಅದನ್ನು ಎಳೆದುಕೊಂಡು ಹಾರಲು ಬಲ ಬೇಕು, ಮತ್ತೊಂದು ಹೂವಿನ ಸೀಳಿನಲ್ಲಿ ಅದು ಸಿಕ್ಕಿಕೊಳ್ಳುವಂತೆ ಕಾಲೆಳೆಯಲು ಇನ್ನೂ ಬಲ ಬೇಕು. ಈ ಬಲವುಳ್ಳುದು ಬಡಿಗ ದುಂಬಿ. ಪಾಳುನೆಲದ ಗುರುತೆಂದು ನಾವು ಕಡೆಗಣ್ಣಿನಿಂದ ಕಾಣುವ, ಶನಿವಾರದ ಹನುಮಪ್ಪನ ಮಾಲೆಗೆ ಮಾತ್ರ ನೆನೆಯುವ ಈ ಗಿಡವು ವರ್ಷದ ಹೆಚ್ಚಿನ ಕಾಲ ಹೂಬಿಟ್ಟು ಆ ದುಂಬಿಯನ್ನು ಪೋಷಿಸುವುದು. ಹೀಗೆ ಪೋಷಿತವಾದ ದುಂಬಿಯೇ ತಂಗಡಿಯನ್ನೂ, ಬೇಸಿಗೆಯಲ್ಲಿ ಹೊಂಗೆಯನ್ನೂ, ಹೊಲದೊಳಗಿನ ತೊಗರಿಯನ್ನೂ ಸಂದರ್ಶಿಸುವುದು. ಒಂದು ಗಿಡವನ್ನು ಕಿತ್ತೆಸೆದರೆ ಇನ್ನೊಂದರ ಕಾಯಿ ಕಡಮೆಯಾಗುವುದು ಈ ದಾರಿಯಿಂದ.

ಅತಿಥಿಗೆ ಊಟವೊಂದಿದ್ದರೆ ಸಾಲದು, ಮನೆಯೂ ಬೇಕು. ಎರೆಭೂಮಿಯು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಅಗಲವಾಗಿ ಬಾಯಿಬಿಟ್ಟು, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಂಡು, ತನ್ನನ್ನು ತಾನೇ ವರ್ಷವರ್ಷವೂ ಮಗುಚುವ ಮಣ್ಣು. ಅದರಲ್ಲಿ ಸುರಂಗ ತೋಡಿ ಮರಿಯಿಡಬೇಕಾದ ಒಂಟಿ ದುಂಬಿಗೆ ಅದು ಸುಖದ ನಿವೇಶನವಲ್ಲ. ಆದುದರಿಂದ ಇಲ್ಲಿ ಹೊಳೆಯ ದಂಡೆಯ ಕಡಿದಾದ ಮಣ್ಣು, ಹಳೆಯ ಒಡ್ಡುಗಳ ಗಟ್ಟಿಯಾದ ಮಗ್ಗುಲು, ಮಾಳಿಗೆಮನೆಗಳ ಮಣ್ಣಿನ ಗೋಡೆ, ಇವುಗಳಿಗೆ ವಿಶೇಷ ಬೆಲೆ. ಮಣ್ಣುಗೋಡೆಯ ಬಿಸಿಲು ಬೀಳುವ ಮೈಯಲ್ಲಿ ಕಡ್ಡಿಯಿಂದ ಚುಚ್ಚಿದಂತೆ ಕಾಣುವ ತೂತುಗಳನ್ನು ನೋಡದವರು ಯಾರು? ನೀಲಿ ಪಟ್ಟೆಯ ದುಂಬಿಯೂ, ಎಲೆಯನ್ನು ದುಂಡಗೆ ಕತ್ತರಿಸಿ ಒಯ್ದು ಮರಿಯ ತೊಟ್ಟಿಲು ಹೊದಿಸುವ ಎಲೆಕತ್ತರಿ ದುಂಬಿಗಳ ಬಳಗವೂ ಇಂಥ ತೂತುಗಳ ನಿವಾಸಿಗಳು. ತೊಗರಿಯ ಹೂವನ್ನು ಬಿಚ್ಚಬಲ್ಲವರಲ್ಲಿ ಎಲೆಕತ್ತರಿ ದುಂಬಿ ಮುಖ್ಯವಾದುದು. ಮಲಪ್ರಭೆ ಬೆಣ್ಣಿಹಳ್ಳಗಳ ನೆರೆಗೆ 2009ರಲ್ಲಿಯೂ 2019ರಲ್ಲಿಯೂ ರೋಣ ತಾಲ್ಲೂಕಿನ ಹೊಳೆಸಾಲಿನ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದುವು. ಜನರು ಕಾಂಕ್ರೀಟಿನ ಮನೆಗಳಿಗೆ ಹೋಗುವುದು ಅನಿವಾರ್ಯವಾಯಿತು. ಜೀವಕ್ಕೆ ಎರವಾಗುವ ಗೋಡೆಯನ್ನು ದುಂಬಿಗಾಗಿ ಉಳಿಸಿರೆಂದು ಹೇಳುವ ಮಾತಿದಲ್ಲ. ಆದರೆ ಬಿಟ್ಟುಹೋದ ಮನೆಯ ಒಂದು ಮೊಂಡುಗೋಡೆಯನ್ನು ಕೆಡವದೆ ಬಿಡುವುದು, ತೋಟದ ಮೂಲೆಯಲ್ಲಿ ಎದೆಯೆತ್ತರದ ಒಂದು ಮಣ್ಣಿನ ದಿಂಡನ್ನು ಕಟ್ಟುವುದು ಯಾರಿಗೂ ಹೊರೆಯಾಗಲಾರದು. ಬಡಿಗ ದುಂಬಿಗೆ ಬೇಕಾದುದು ಇನ್ನೂ ಕಡಮೆ: ಒಣಗಿದ ಒಂದು ಕೊಂಬೆ, ಅಥವಾ ಬೇಲಿಯ ಮುದಿಯ ಗೂಟ. ಒಣಕೊಂಬೆಯನ್ನು ಕಂಡೊಡನೆ ಕೊಡಲಿ ಎತ್ತುವ ನಮಗೆ, ಅದರೊಳಗೆ ತಾಯಿದುಂಬಿಯೊಂದು ಕೋಣೆಕೋಣೆಯಾಗಿ ಪರಾಗದ ಉಂಡೆಯಿಟ್ಟು, ಪ್ರತಿ ಉಂಡೆಗೂ ಒಂದೊಂದು ಮೊಟ್ಟೆಯಿಟ್ಟು, ಮರದ ಹೊಟ್ಟಿನಿಂದ ಗೋಡೆ ಕಟ್ಟಿರುವುದು ಕಾಣದು.

ಊಟದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ಪಂಚಾಂಗಕ್ಕೆ ಸಂಬಂಧಿಸಿದುದು. ಬೆಳೆಯೊಂದರ ಹೂವು ಹದಿನೈದಿಪ್ಪತ್ತು ದಿನ ಇದ್ದೀತು. ದುಂಬಿಯ ಸಂಸಾರವು ತಿಂಗಳುಗಟ್ಟಲೆ ನಡೆಯಬೇಕು. ಮುಂಗಾರಿನಲ್ಲಿ ಕರಿಜಾಲಿಯ ಹಳದಿ ಚೆಂಡುಗಳೂ ಪಾಳುಹೊಲದ ತುಂಬೆಯೂ, ಮಳೆ ತಗ್ಗುವ ಹೊತ್ತಿಗೆ ಗುರೆಳ್ಳೂ ಬಾರಿಯ ಕಿರುಹೂಗಳೂ, ಚಳಿಗಾಲದ ಕೊನೆಯಲ್ಲಿ ಕುಸುಬಿಯೂ, ಅದು ಒಣಗುವಷ್ಟರಲ್ಲಿ ಎಲೆಯಿಲ್ಲದ ಮುತ್ತಲದ ಕೆಂಡದಂಥ ಹೂಗಳೂ ಬನ್ನಿಯೂ, ಯುಗಾದಿಗೆ ಬೇವೂ, ಅದರ ಬೆನ್ನಿಗೆ ಹೊಂಗೆ ಹುಣಸೆಗಳೂ ಒಂದರ ಕೈಯಿಂದ ಇನ್ನೊಂದು ದೀಪ ಹಚ್ಚಿಕೊಳ್ಳುವಂತೆ ಸರದಿಯಾಗಿ ಅರಳಿದರೆ ಮಾತ್ರ ವರ್ಷಚಕ್ರವು ಪೂರ್ಣವಾಗುವುದು. ಈ ಸರದಿಯಲ್ಲಿ ಒಂದು ಕೊಂಡಿ ಕಳಚಿದರೂ ಆ ತಿಂಗಳು ದುಂಬಿಗೆ ಬರಗಾಲ. ಮುಳ್ಳಿನ ಪೊದೆಯ ಕಡ್ಡಿಯೊಂದಕ್ಕೆ ಅಂಗೈಯಗಲದ ಒಂದೇ ಎರಿ ಕಟ್ಟಿ, ಇರುವೆಗಳು ಹತ್ತದಂತೆ ಕಡ್ಡಿಯ ಎರಡು ಕಡೆಗೂ ಅಂಟಿನ ಕಾಪು ಬಳಿದು ಬಾಳುವ ಕಡ್ಡಿಜೇನು, ಅಂದರೆ ಕೋಲುಜೇನು, ಒಣ ಬಯಲಿನ ಬಿಸಿಲನ್ನು ತಾಳಬಲ್ಲ ನಮ್ಮ ಜೇನುಗಳಲ್ಲಿ ಅಗ್ರಗಣ್ಯವಾದುದು. ಅದು ಕೂಡ ಹೂವು ತೀರಿದೊಡನೆ ಗೂಡು ಬಿಟ್ಟು ಹಾರಿಹೋಗುವುದು. ತೋಪು ನೆಡುವವರು ಒಂದೇ ಜಾತಿಯ ಸಾವಿರ ಸಸಿ ನೆಟ್ಟರೆ ವರ್ಷದಲ್ಲಿ ಒಂದು ತಿಂಗಳು ಜಾತ್ರೆ, ಹನ್ನೊಂದು ತಿಂಗಳು ಉಪವಾಸವೆಂಬ ಸ್ಥಿತಿಯಾಗುವುದು ಇದರಿಂದ ಸ್ಪಷ್ಟ.

ಮುತ್ತಲದ ಹೆಸರೆತ್ತಿದ ಮೇಲೆ ಒಂದು ಮಾತು ಹೇಳದಿರಲಾರೆ. ಅದರ ಹೂವನ್ನು ಹಲವು ಹಕ್ಕಿಗಳು ಮುತ್ತುವುವು, ಗೊರವಂಕಗಳು ಜಗಳವಾಡುತ್ತ ಕುಡಿಯುವುವು; ಆದರೆ ಭಾರತೀಯ ಸಸ್ಯವಿಜ್ಞಾನಿಗಳು ತಾಳ್ಮೆಯಿಂದ ಕುಳಿತು ಪರೀಕ್ಷಿಸಿದಾಗ, ನೇರಳೆ ಬಣ್ಣದ ಸೂರಕ್ಕಿಯೂ ಅದರೊಡನೆ ಮೂರು ಪಟ್ಟೆಯ ಅಳಿಲೂ ನಿಜವಾಗಿ ಪರಾಗವನ್ನು ತಲುಪಿಸುವವೆಂದು ಕಂಡುಬಂದಿತು. ಬಂದವರೆಲ್ಲ ದೂತರಲ್ಲ ಎಂಬುದನ್ನು ಕಣ್ಣಿಟ್ಟು ನೋಡಿಯೇ ತಿಳಿಯಬೇಕು.

ಈಗ ಹೆಚ್ಚು ಕಷ್ಟದ ವಿಷಯವಾದ ಬಳ್ಳಾರಿ ಜಾಲಿಗೆ ಬರುವೆನು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಖಂಡದಿಂದ ತಂದು ಬಿತ್ತಿದ ಈ ಮುಳ್ಳುಮರವು ಹಳ್ಳಗಳ ಇಕ್ಕೆಲಗಳನ್ನೂ ಕೆರೆಯಂಗಳಗಳನ್ನೂ ಆಕ್ರಮಿಸಿ ದೇಶೀಯ ಗಿಡಗಳಿಗೆ ಕಾಲೂರಲು ತಾವಿಲ್ಲದಂತೆ ಮಾಡಿದೆ. ಅದನ್ನು ತೆಗೆಯುವುದೇ ಪುನರುಜ್ಜೀವನದ ಮೊದಲ ಹೆಜ್ಜೆಯೆಂದು ಎಷ್ಟೋ ಕಡೆ ನಿರ್ಧರಿಸುವರು. ತೆಗೆಯುವುದು ಫಲಕಾರಿಯೇ ಎಂಬುದಕ್ಕೆ ದೂರದ ಒಂದು ಸಾಕ್ಷ್ಯವಿದೆ. ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪಗಳಲ್ಲೊಂದಾದ ಮಾಹೆಯಲ್ಲಿ (ಇದು ಮಲಬಾರಿನ ಮಾಹೆಯಲ್ಲ) ಒಂಟಿ ಬಂಡೆಗುಡ್ಡಗಳ ಮೇಲೆ ವಿದೇಶೀ ಪೊದೆಗಳು ಹಬ್ಬಿದ್ದುವು. ಎಂಟು ಗುಡ್ಡಗಳಲ್ಲಿ ನಾಲ್ಕರ ಮೇಲಿನ ಪೊದೆಗಳನ್ನು ಕಿತ್ತು, ನಾಲ್ಕನ್ನು ಇದ್ದಂತೆಯೇ ಬಿಟ್ಟು, ವಿಜ್ಞಾನಿಗಳು ತಿಂಗಳುಗಟ್ಟಲೆ ಹೂಗಳ ಮುಂದೆ ಕುಳಿತು ಬಂದುಹೋಗುವವರನ್ನು ಎಣಿಸಿದರು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಪೊದೆ ತೆಗೆದ ಗುಡ್ಡಗಳಲ್ಲಿ ಪರಾಗವಾಹಕಗಳ ಜಾತಿಗಳು ಹೆ‌ಚ್ಚಿದ್ದುವು, ಅವುಗಳ ಭೇಟಿಗಳು ಹೆಚ್ಚಿದ್ದುವು, ದೇಶೀಯ ಸಸ್ಯಗಳು ಹೆಚ್ಚು ಹಣ್ಣು ಬಿಟ್ಟಿದ್ದುವು. ಪುನರುಜ್ಜೀವನವು ಗಿಡಗಳನ್ನಷ್ಟೇ ಅಲ್ಲ, ಗಿಡಕ್ಕೂ ಹುಳುವಿಗೂ ನಡುವಣ ನಂಟಿನ ಜಾಲವನ್ನೂ ಮರಳಿ ನೇಯಬಲ್ಲುದೆಂದು ಇಷ್ಟು ಸ್ಪಷ್ಟವಾಗಿ ತೋರಿದ ಪ್ರಯೋಗಗಳು ಕೆಲವೇ.

ಹೀಗಿದ್ದರೂ ಮಾಹೆಯ ಪಾಠವನ್ನು ಹಾಗೆಯೇ ಎತ್ತಿ ಎರೆಸೀಮೆಗೆ ಹಾಕುವುದಕ್ಕೆ ನಾನು ಹಿಂಜರಿಯುತ್ತೇನೆ. ಅಲ್ಲಿ ಪೊದೆಗಳ ನಡುವೆ ದೇಶೀಯ ಸಸ್ಯಗಳು ಇನ್ನೂ ಜೀವ ಹಿಡಿದು ನಿಂತಿದ್ದುವು. ಇಲ್ಲಿ ಎಷ್ಟೋ ಹಳ್ಳಗಳ ದಂಡೆಯಲ್ಲಿ ಬಳ್ಳಾರಿ ಜಾಲಿಯನ್ನು ಬಿಟ್ಟರೆ ಹೂಬಿಡುವ ಮರವೇ ಉಳಿದಿಲ್ಲ. ಜೇನುಗಳು ಅದರ ಹೂವನ್ನೇ ನಂಬಿ ಬದುಕಿವೆ. ಯಂತ್ರ ತಂದು ಒಂದೇ ವಾರದಲ್ಲಿ ಎಲ್ಲವನ್ನೂ ಕಿತ್ತುಹಾಕಿದರೆ, ಮುಂದೆ ನೆಡುವ ದೇಶೀಯ ಸಸಿಗಳು ಹೂಬಿಡುವ ಕಾಲಕ್ಕೆ ಅವುಗಳನ್ನು ಸಂದರ್ಶಿಸಲು ಯಾರೂ ಉಳಿದಿರಲಾರರು. ಆದುದರಿಂದ ತುಂಡುತುಂಡಾಗಿ ತೆಗೆಯಬೇಕು. ತೆಗೆದ ತುಂಡಿನಲ್ಲಿ ಬೇಗ ಹೂಬಿಡುವ ತಂಗಡಿ, ತುಂಬೆ, ಬಾರಿಗಳು ಮೊದಲು ಬರಬೇಕು. ನಿಧಾನವಾಗಿ ಬೆಳೆಯುವ ಬನ್ನಿ, ಬೇವು, ಹೊಂಗೆಗಳು ಅವುಗಳ ನೆರಳಿನಲ್ಲಿ ಮೇಲೇಳಬೇಕು. ಅವು ಹೂವಿಗೆ ಬಂದ ಮೇಲೆ ಮುಂದಿನ ತುಂಡಿಗೆ ಕೈಹಾಕಬೇಕು. ಇದು ವರ್ಷಗಳ ಕೆಲಸ. ಅವಸರದ ಯೋಜನೆಗಳಿಗೆ ಒಗ್ಗುವುದಲ್ಲ.

ಅತಿಥಿಗಳು ಬರುವುದು ಎಲ್ಲಿಂದ ಎಂಬ ಪ್ರಶ್ನೆಯೊಂದು ಉಳಿಯಿತು. ಎಲ್ಲರ ರೆಕ್ಕೆಗೂ ಒಂದೇ ಬಲವಿಲ್ಲ. ಹಳ್ಳದ ಅತ್ತಿಮರದ ಕಾಯಿಯು ವಾಸ್ತವವಾಗಿ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಅದರೊಳಕ್ಕೆ ನುಗ್ಗಿ ಪರಾಗ ಸೇರಿಸಬಲ್ಲುದು ಎಳ್ಳಿಗಿಂತ ಕಿರಿದಾದ, ಒಂದೆರಡು ದಿನ ಮಾತ್ರ ಬದುಕುವ ಅತ್ತಿಕಣಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರೂ ಅವರ ಸಹೋದ್ಯೋಗಿಗಳೂ ಈ ಅತ್ತಿ ಮತ್ತು ಕಣಜಗಳ ಸಂಬಂಧವನ್ನು ಹಲವು ವರ್ಷಗಳಿಂದ ಬಿಡಿಸಿ ನೋಡಿದ್ದಾರೆ. ಇಷ್ಟು ಅಲ್ಪಪ್ರಾಣವಾದ ಕೀಟವು ಎಷ್ಟು ದೂರ ಹೋದೀತೆಂದು ಕೇಳುವವರಿಗೆ ನಮೀಬಿಯ ಮರುಭೂಮಿಯಲ್ಲಿ ಅದರ ಸೋದರ ಜಾತಿಯೊಂದು ಉತ್ತರ ಕೊಟ್ಟಿದೆ: ಗಾಳಿಯ ಹೆಗಲೇರಿ ಅದು 160 ಕಿಲೋಮೀಟರಿಗೂ ಮಿಗಿಲಾದ ದೂರಕ್ಕೆ ಪರಾಗವನ್ನು ಒಯ್ದುದು 2009ರಲ್ಲಿ ದೃಢಪಟ್ಟಿತು. ಬಯಲಿನ ನಡುವೆ ಒಂಟಿಯಾಗಿ ಅತ್ತಿಯನ್ನೋ ಆಲವನ್ನೋ ನೆಟ್ಟರೂ ಅದರ ಕಣಜವು ಅದನ್ನು ಹುಡುಕಿಕೊಂಡು ಬಂದೀತೆಂಬ ಧೈರ್ಯವನ್ನು ಇದು ಕೊಡುವುದು. ಹೆಜ್ಜೇನೂ ಋತುವಿನಿಂದ ಋತುವಿಗೆ ಬಹುದೂರ ವಲಸೆ ಹೋಗಬಲ್ಲುದು. ಮಲಪ್ರಭೆಯಾಚೆಯ ಬಾದಾಮಿಯ ಮರಳುಗಲ್ಲಿನ ಗುಡ್ಡಗಳಂಥ ಕಡಿದಾದ ಬಂಡೆಗಳು ಅದಕ್ಕೆ ಪ್ರಿಯವಾದ ತಾಣ. ಆದರೆ ನಸರಿ ಜೇನು ಗೂಡಿನಿಂದ ಕೆಲವು ನೂರು ಮೀಟರುಗಳಾಚೆಗೆ ಹೋಗದು. ಸಣ್ಣ ಒಂಟಿ ದುಂಬಿಗಳ ಪಾಡೂ ಹಾಗೆಯೇ. ಅವು ಒಂದು ಬದುವಿನಿಂದ ಇನ್ನೊಂದು ಬದುವಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಗಾಯರಾಣಕ್ಕೆ ಎಂಬಂತೆ ತಲೆಮಾರು ತಲೆಮಾರಾಗಿ ಸರಿಯುತ್ತ ಹಬ್ಬಬೇಕು.

ಗದಗ ಜಿಲ್ಲೆಯ ದಕ್ಷಿಣದಲ್ಲಿ ಕಪ್ಪತಗುಡ್ಡವಿದೆ. ಔಷಧೀಯ ಸಸ್ಯಗಳಿಗೆ ಹೆಸರಾದ, ಗಣಿಗಾರಿಕೆಯ ಭಯದಿಂದ ಪಾರಾಗುವುದಕ್ಕೆ ಜನರ ದೀರ್ಘ ಹೋರಾಟವನ್ನು ಕಂಡ ಆ ಗುಡ್ಡಸಾಲಿನ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು 2019ರಲ್ಲಿ ವನ್ಯಜೀವಿಧಾಮವಾಯಿತು. ಬಯಲುಸೀಮೆಯ ದುಂಬಿಗಳಿಗೂ ಚಿಟ್ಟೆಗಳಿಗೂ ಅದು ತವರಿನಂಥದು. ಅದನ್ನು ಉಳಿಸಿದವರಿಗೆ ನಾಡು ಋಣಿಯಾಗಿರಬೇಕು. ಆದರೆ ತವರು ದೂರ. ನಡುವೆ ಜೋಳ ಕಡಲೆಗಳ ಹೂವಿಲ್ಲದ ಬಯಲು. ಮೆಣಸಗಿಯ ತಂಗಡಿಗೆ ಕಪ್ಪತಗುಡ್ಡದ ದುಂಬಿಯು ಒಂದೇ ಹಾರಾಟದಲ್ಲಿ ಬರಲಾರದು. ನಡುವಿನ ಸಾವಿರಾರು ಬದುಗಳೇ ಅದರ ಕಾಲುದಾರಿ. ಬದುವಿನಲ್ಲಿ ಬೆಳೆದುದೆಲ್ಲ ಕಸವೆಂದು ಬಗೆದು ಕಳೆನಾಶಕ ಹೊಡೆಯುವ, ಉಳುಮೆಯ ಯಂತ್ರಕ್ಕೆ ಅಡ್ಡವೆಂದು ಒಡ್ಡನ್ನು ಸವೆಸಿ ಎರಡು ಗೇಣಿಗೆ ಇಳಿಸುವ ಇತ್ತೀಚಿನ ಪದ್ಧತಿಯು ಈ ದಾರಿಯನ್ನು ಕಡಿಯುತ್ತಿದೆ. ಹಿಂದಿನವರು ಅಕ್ಕಡಿ ಸಾಲಿನಲ್ಲಿ ಗುರೆಳ್ಳು, ತೊಗರಿಗಳನ್ನು ಹಾಕಿ, ಹೊಲದ ಅಂಚಿಗೆ ಕುಸುಬಿ ಬಿತ್ತಿ, ಬದುವಿಗೆ ಬೇವು ಬನ್ನಿಗಳನ್ನು ಬಿಟ್ಟುಕೊಂಡಿದ್ದರು. ಪರಾಗದ ಶಾಸ್ತ್ರ ಅವರಿಗೆ ತಿಳಿದಿತ್ತೆಂದು ನಾನು ಹೇಳಲಾರೆ, ಆದರೆ ಅವರ ಹೊಲದಲ್ಲಿ ಗಾಳಿಗೊಂದು ಪಾಲು, ಹುಳುವಿಗೊಂದು ಪಾಲು ತಾನಾಗಿಯೇ ಇರುತ್ತಿತ್ತು.

ನೆಟ್ಟ ತೋಪೊಂದು ಜೀವಂತವಾಗಿದೆಯೇ ಎಂದು ತಿಳಿಯಬಯಸುವವರಿಗೆ ಒಂದು ಸರಳವಾದ ಪರೀಕ್ಷೆಯಿದೆ. ಅದಕ್ಕೆ ಉಪಕರಣ ಬೇಡ, ಒಂದು ಬೆಳಗಿನ ಪುರುಸೊತ್ತು ಸಾಕು. ಹೂಬಿಟ್ಟ ಒಂದು ತಂಗಡಿಯ ಮುಂದೆ ಬಿಸಿಲೇರುವವರೆಗೆ ಕುಳಿತು, ಬರುವವರನ್ನು ಎಣಿಸಿ, ಒಂದು ಹೂಗೊಂಚಲಿಗೆ ದಾರ ಕಟ್ಟಿ ಬರಬೇಕು. ಕಾಯಿ ಬಲಿಯುವ ಕಾಲಕ್ಕೆ ಮತ್ತೆ ಹೋಗಿ, ದಾರ ಕಟ್ಟಿದ ಗೊಂಚಲಿನಲ್ಲಿ ಉದುರದೆ ನಿಂತ ಕಾಯಿಗಳೆಷ್ಟೆಂದು ನೋಡಿ, ಚಪ್ಪಟೆಯಾದ ಒಂದನ್ನು ಉಗುರಿನಿಂದ ಸೀಳಿ, ಅಡ್ಡಗೋಡೆಗಳ ನಡುವಣ ಪ್ರತಿಯೊಂದು ಕೋಣೆಯಲ್ಲಿಯೂ ಬೀಜವಿದೆಯೇ, ಇಲ್ಲವೆ ಕೋಣೆ ಬರಿದಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು.